ಮಿಗ್ಗೋ ಟಿಗ್ಗೋ? ತೋಟದ ಮನೆಯಲ್ಲಿ ಎರಡನ್ನೂ ದುಡಿಸಿದ ಮೇಲೆ

ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಗೇಟಿನ ಕೀಲು ಕಿತ್ತರೂ ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕಾಲು ಮುರಿದರೂ ವೆಲ್ಡಿಂಗ್‌ನವರಿಗಾಗಿ ಮೂರು ನಾಲ್ಕು ದಿನ ಕಾಯಬೇಕಾಗುತ್ತಿತ್ತು. ಸಾಕಾಗಿ 2021ರಲ್ಲಿ 200 ಆಂಪಿಯರ್‌ನ ಮಿಗ್ ಯಂತ್ರ ತಂದೆ, ತಂತಿಯನ್ನೇ ಕರಗಿಸಿ ಬೆಸೆಯುವ ವೆಲ್ಡಿಂಗ್ ಯಂತ್ರ ಅದು. ಎರಡು ವರ್ಷದ ಬಳಿಕ, ಟಂಗ್‌ಸ್ಟನ್ ಮೊನೆಯಿಂದ ಹೊಮ್ಮುವ ವಿದ್ಯುತ್ ಜ್ವಾಲೆಯಲ್ಲಿ ಬೆಸೆಯುವ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ) ಟಿಗ್ ಕೂಡ ಬಂತು. ಮನೆಗೆ ಒಂದೇ ಯಂತ್ರ ಕೊಳ್ಳುವುದಾದರೆ ಮಿಗ್ ಕೊಳ್ಳಿ ಎಂದೇ ನಾನು ಹೇಳುವುದು.

ಮಿಗ್‌ನಲ್ಲಿ ತಂತಿ ತಾನಾಗಿ ಬರುತ್ತದೆ, ರಾಡ್ ವೆಲ್ಡಿಂಗ್‌ನ ಹಾಗೆ ಮೇಲಿನ ಕಿಟ್ಟವನ್ನು ಕುಟ್ಟಿ ತೆಗೆಯಬೇಕಿಲ್ಲ. 2 ಮಿ.ಮೀ. ದಪ್ಪದ ಚೌಕ ಪೈಪಿಗೆ 0.8 ಮಿ.ಮೀ. ತಂತಿ, ಬೆಸುಗೆಗೆ ಗಾಳಿ ತಾಗದಂತೆ ಕಾಯಲು ನಿಮಿಷಕ್ಕೆ ಹತ್ತು ಹನ್ನೆರಡು ಲೀಟರ್ ಕಾರ್ಬನ್ ಡೈಆಕ್ಸೈಡ್ ಅನಿಲ ಸಾಕು. ಕಣದ ಗೇಟು, ಕೊಟ್ಟಿಗೆಯ ಅಡ್ಡಗಂಬಿ, ಗೊಬ್ಬರದ ಕೈಗಾಡಿ ಎಲ್ಲವನ್ನೂ ಇದರಲ್ಲೇ ಮಾಡಿಕೊಂಡೆ.

ಆದರೆ ಕೈಗಾಡಿಯ ಹಿಡಿ ಎರಡನೇ ತಿಂಗಳಲ್ಲೇ ಕಳಚಿಬಂತು. ಮೇಲೆ ಜಡೆ ಹೆಣೆದಷ್ಟು ಚೆಂದವಾಗಿದ್ದ ಬೆಸುಗೆ ಅದು. ಗ್ರೈಂಡರ್‌ನಲ್ಲಿ ಸೀಳಿ ನೋಡಿದರೆ ಕರಗಿದ ತಂತಿ ಪೈಪಿನ ಮೇಲೆ ಮೇಣದಂತೆ ಕೂತಿತ್ತು, ಕೆಳಗಿನ ಕಬ್ಬಿಣ ಕರಗಿರಲೇ ಇಲ್ಲ. ಮಿಗ್‌ನ ದೊಡ್ಡ ಅಪಾಯ ಇದೇ: ಶಾಖ ಸಾಲದಿದ್ದರೂ ಬೆಸುಗೆ ಒಪ್ಪವಾಗಿಯೇ ಕಾಣುತ್ತದೆ. ಅಂದಿನಿಂದ ಭಾರ ಹೊರುವ ಕೆಲಸಕ್ಕೆ ಮೊದಲು ಚೂರು ಪೈಪಿನಲ್ಲಿ ಬೆಸೆದು, ಸುತ್ತಿಗೆಯಲ್ಲಿ ಹೊಡೆದು ಮುರಿದು ನೋಡುತ್ತೇನೆ. ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ ತಂತಿ ಕರಗದೆ ಟಾರ್ಚನ್ನೇ (ಕೈಯಲ್ಲಿ ಹಿಡಿದು ಬೆಸೆಯುವ ಹಿಡಿಕೆ) ಹಿಂದಕ್ಕೆ ತಳ್ಳುತ್ತದೆ. ಅಂಥ ಹೊತ್ತಿನಲ್ಲಿ ಯಂತ್ರ ಆರಿಸುವುದೇ ಸರಿ.

ಮಲೆನಾಡಿನ ಮಳೆಗಾಲ ಇನ್ನೊಂದು ಕಷ್ಟ. ಗಾಳಿ ಬೀಸಿದರೆ ಅನಿಲ ಹಾರಿಹೋಗಿ ಬೆಸುಗೆಯ ತುಂಬ ಸಣ್ಣ ಸಣ್ಣ ತೂತು ಬೀಳುತ್ತದೆ. ಟಾರ್ಪಾಲು ಕಟ್ಟಿಕೊಳ್ಳಬೇಕು, ಇಲ್ಲವೇ ಒಳಗೆ ರಕ್ಷಕ ಪುಡಿ ತುಂಬಿದ, ಅನಿಲ ಬೇಡದ ಫ್ಲಕ್ಸ್ ತಂತಿ ಹಾಕಬೇಕು. ಆ ತಂತಿ ಹಾಕುವಾಗ ಟಾರ್ಚ್ ಮತ್ತು ಅರ್ಥ್ ಕೇಬಲ್‌ಗಳನ್ನು ಅದಲು ಬದಲು ಮಾಡುವುದನ್ನು ಮರೆಯಬೇಡಿ. ತಂತಿಯ ಸುರುಳಿಯನ್ನು ಯಂತ್ರದೊಳಗೇ ಬಿಟ್ಟರೆ ಜುಲೈ ಮುಗಿಯುವಷ್ಟರಲ್ಲಿ ತುಕ್ಕು. ನಾನು ಕವರಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ.

ಹಾಗಾದರೆ ಟಿಗ್ ಏಕೆ? ಬಚ್ಚಲಿನ ಸ್ಟೀಲ್ ಹಂಡೆಯ ತಳ ಸೋರತೊಡಗಿತು. ತೆಳು ತಗಡು, ಮಿಗ್ ಇಟ್ಟ ಕೂಡಲೇ ತೂತು ದೊಡ್ಡದಾಯಿತು. ಟಿಗ್ ಕಲಿಯಲು ಹೋದಾಗ ಪೇಟೆಯ ಹಿರಿಯ ವೆಲ್ಡರ್ ಒಬ್ಬರು, “ಸಾರ್, ಮೊದಲು ಎರಡು ಕೈಗೂ ಬೇರೆ ಬೇರೆ ಕೆಲಸ ಕಲಿಸಿ” ಎಂದರು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಬೆಸುಗೆಗೆ ಕರಗಿಸಿ ಸೇರಿಸುವ ಲೋಹದ ಕಡ್ಡಿ. ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಾಗಿತೋ, ನಿಲ್ಲಿಸಿ ಮತ್ತೆ ಚೂಪು ಮಾಡಬೇಕು. ಮೊದಲ ತಿಂಗಳು ಬೆಸೆದದ್ದಕ್ಕಿಂತ ಮಸೆದದ್ದೇ ಹೆಚ್ಚು. ಆದರೆ 45 ಆಂಪಿಯರ್‌ನಲ್ಲಿ, ಕಿಡಿ ಸದ್ದು ಒಂದೂ ಇಲ್ಲದೆ, ಕಡಲೆಕಾಳಿನಷ್ಟು ಲೋಹ ಕನ್ನಡಿಯಂತೆ ಮಿನುಗುತ್ತ ಮುಂದೆ ಸರಿಯುವುದನ್ನು ಹೆಲ್ಮೆಟ್ಟಿನೊಳಗಿಂದ ನೋಡುವ ಸುಖವೇ ಬೇರೆ. ಆ ಹಂಡೆ ಇವತ್ತಿಗೂ ಒಂದು ಹನಿ ಸೋರಿಲ್ಲ.

ಖರ್ಚು ಮಾತ್ರ ಕೈ ಕಚ್ಚುತ್ತದೆ. ಟಿಗ್‌ಗೆ ಶುದ್ಧ ಆರ್ಗಾನ್ ಬೇಕು, ನಾನು ಸಿಲಿಂಡರ್ ತುಂಬಿಸಲು ಹಾಸನಕ್ಕೆ ಹೋಗುತ್ತೇನೆ. ಕೆಲಸವೂ ನಿಧಾನ: ಮಿಗ್‌ನಲ್ಲಿ ಅರ್ಧ ಗಂಟೆಯದು ಇಲ್ಲಿ ಎರಡು ಗಂಟೆ.

ಯಾವ ಯಂತ್ರವಾದರೂ ಜಿಐ ಪೈಪಿನ ಸತುವಿನ ಲೇಪವನ್ನು ಉಜ್ಜಿ ತೆಗೆದ ಮೇಲೆಯೇ ಬೆಸೆಯಿರಿ. ಆ ಹೊಗೆ ಕುಡಿದು ಒಂದು ರಾತ್ರಿಯಿಡೀ ಚಳಿಜ್ವರದಲ್ಲಿ ನಡುಗಿದ್ದೇನೆ. ಹಾಲು ಕುಡಿದರೆ ಸಾಕೆಂಬ ಮಾತನ್ನು ನಂಬಬೇಡಿ.

ಟಿಗ್ ಮಾರಿದ ಅಂಗಡಿಯವರು “ಎಲ್ಲ ಲೋಹಕ್ಕೂ ಆಗುತ್ತದೆ” ಎಂದಿದ್ದರು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಮೆಟ್ಟಿಲು ಬಿಟ್ಟಾಗ ಸತ್ಯ ತಿಳಿಯಿತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಟಿಗ್‌ನಲ್ಲಿ ಆ ಪೊರೆ ಒಡೆಯಲು ಎಸಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು) ಇರಬೇಕು, ನನ್ನದು ಬರೀ ಡಿಸಿ. ಕೊಳ್ಳುವ ಮೊದಲು ಇದೊಂದನ್ನು ಕೇಳಿ, ಅಂಗಡಿಯಲ್ಲೇ ಒಂದು ಅಲ್ಯೂಮಿನಿಯಂ ಚೂರು ಬೆಸೆದು ತೋರಿಸಲು ಹೇಳಿ. ನಮ್ಮ ಏಣಿಯನ್ನು ಕೊನೆಗೆ ಜೀಪಿನ ಮೇಲೆ ಕಟ್ಟಿಕೊಂಡು ಚಿಕ್ಕಮಗಳೂರಿಗೇ ಒಯ್ದು ಬೆಸೆಸಿದೆ.