ಆಕ್ಟೇವಿಯಾ ಆರ್‌ಎಸ್: 17 ಇಂಚಿನಿಂದ 16ಕ್ಕೆ ಇಳಿದು ನಾಲ್ಕು ವರ್ಷ, 41,000 ಕಿ.ಮೀ.

ನನ್ನ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಈಗ ಇರುವುದು 205/55 ಆರ್16 ಟೈರು: ಅಗಲ 205 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 55, ರಿಮ್ಮು 16 ಇಂಚು. ಅಂದರೆ ಕಾರಿನ ಮೂಲ ಅಳತೆಯೇ. ಸುತ್ತಿ ಬಳಸಿ ಅಲ್ಲಿಗೇ ಬರಲು ನನಗೆ ಎರಡು ವರ್ಷ ಹಿಡಿಯಿತು.

2019ರಲ್ಲಿ ಕಾರು ಕೊಂಡಾಗ ಹಿಂದಿನ ಮಾಲೀಕರು ಹಾಕಿಸಿದ್ದ 17 ಇಂಚಿನ ಅಲಾಯ್ ಚಕ್ರಗಳು ಅದರಲ್ಲಿದ್ದವು. ಟೈರು 225/45. ನೋಡಲು ಬಲು ಚೆಂದ, ಸುಳ್ಳು ಹೇಳುವುದಿಲ್ಲ. ಲೆಕ್ಕದಲ್ಲೂ ತಪ್ಪಿರಲಿಲ್ಲ: ಮೂಲ ಟೈರಿನ ಒಟ್ಟು ವ್ಯಾಸ 632 ಮಿ.ಮೀ., ಇದರದ್ದು 634. ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯದು. ಆದರೆ ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರಿನ ಪಕ್ಕೆ 113 ಮಿ.ಮೀ.ಯಿಂದ 101ಕ್ಕೆ ಇಳಿದಿತ್ತು. ಬೆಂಗಳೂರಿನ ಗುಂಡಿಗಳಿಗೆ ಆ 12 ಮಿ.ಮೀ. ಸಾಕು. ಮೊದಲ ವರ್ಷವೇ ಒಂದು ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಎದ್ದಿತು. ಒಂದು ರಿಮ್ಮು ಡೊಂಕಾಗಿ, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಕುಣಿಯತೊಡಗಿತು.

ಇಂಚಿಗಿಂತ ಹೆಚ್ಚು ಕಾಡಿದ್ದು ಆಫ್‌ಸೆಟ್, ಅಂದರೆ ಚಕ್ರ ಕಾರಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬ ಅಳತೆ; ಅದು ಕಡಿಮೆಯಾದಷ್ಟೂ ಚಕ್ರ ಆಚೆ ಚಾಚುತ್ತದೆ. ಆ ರಿಮ್ಮಿನ ಅಗಲ ಏಳೂವರೆ ಇಂಚು, ಆಫ್‌ಸೆಟ್ 35. ನಾನು ಈಗ ಹಾಕಿರುವುದು ಆರೂವರೆ ಇಂಚು, ಆಫ್‌ಸೆಟ್ 42. ಕೂಡಿ ಕಳೆದು ನೋಡಿದರೆ ಹಳೆಯ ಚಕ್ರದ ಹೊರ ಅಂಚು ಸುಮಾರು 20 ಮಿ.ಮೀ. ಆಚೆ ಚಾಚಿಕೊಂಡಿತ್ತು. ರಸ್ತೆಯ ಗಾಲಿಜಾಡು ಸಿಕ್ಕಲ್ಲೆಲ್ಲ ಸ್ಟೀರಿಂಗ್ ಕೈಯನ್ನು ಎಳೆಯುತ್ತಿತ್ತು, ಮಳೆಯಲ್ಲಿ ಬಾಗಿಲಿನವರೆಗೂ ಕೆಸರಿನ ಎರಚಲು. ಆದರೂ ಸಹಿಸಿಕೊಂಡಿದ್ದೆ.

2021ರ ಜುಲೈಯಲ್ಲಿ ಪುತ್ತೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ಗುಂಡ್ಯ ದಾಟಿ ಘಾಟಿ ಹತ್ತಿ, ಮಾರನಹಳ್ಳಿಯ ಹತ್ತಿರ ನೀರು ತುಂಬಿದ ಗುಂಡಿಗೆ ಎಡ ಮುಂದಿನ ಚಕ್ರ ಇಳಿಯಿತು. ಟೈರಿನ ಪಕ್ಕೆ ಸೀಳಿಹೋಯಿತು. ನನ್ನ ಸ್ಟೆಪ್ನಿ 195/65 ಆರ್15, ಕಬ್ಬಿಣದ ಚಕ್ರ. ಅದರ ವ್ಯಾಸವೂ 634 ಮಿ.ಮೀ. ಆಗಿರುವುದರಿಂದ ಧೈರ್ಯವಾಗಿಯೇ ಜಾಕಿ ಕೊಟ್ಟೆ. ಹೆಂಡತಿ ಮೊಬೈಲಿನ ಬೆಳಕು ಹಿಡಿದಿದ್ದಳು. ಐದೂ ಬೋಲ್ಟುಗಳನ್ನು ಬಿಗಿದು ನೂರು ಮೀಟರ್ ಹೋಗುವಷ್ಟರಲ್ಲಿ ಟಕ್ ಟಕ್ ಸದ್ದು. ನಿಲ್ಲಿಸಿ ಒಂದು ಬೋಲ್ಟನ್ನು ಬಿಚ್ಚಿ ನೋಡಿದೆ. ತಲೆಯ ಕೆಳಭಾಗ ರಿಮ್ಮಿಗೆ ಕಚ್ಚಿಕೊಂಡ ಗುರುತು ಅಗಲವಾದ ಉಂಗುರದಂತೆ ಇರಬೇಕಿತ್ತು. ಇದ್ದದ್ದು ಕೂದಲೆಳೆಯಷ್ಟು ಹೊಳೆಯುವ ಒಂದು ಗೆರೆ ಮಾತ್ರ.

ಕಾರಣ ಸರಳ. ಸ್ಕೋಡಾದ ಮೂಲ ಚಕ್ರಗಳಲ್ಲಿ ಬೋಲ್ಟು ಕೂರುವ ಜಾಗ ಗೋಲಿಯಂತೆ ಗುಂಡಗಿರುತ್ತದೆ, ಬೋಲ್ಟಿನ ತಲೆಯ ತಳವೂ ಹಾಗೆಯೇ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಬಹುತೇಕ ಅದು ಶಂಕುವಿನ ಆಕಾರ. ಹಿಂದಿನ ಮಾಲೀಕರು ಅಲಾಯ್‌ಗೆ ತಕ್ಕ ಶಂಕುವಿನ ಬೋಲ್ಟುಗಳನ್ನೇ ಸರಿಯಾಗಿ ಹಾಕಿಸಿದ್ದರು. ಸ್ಟೆಪ್ನಿಗೆ ಬೇಕಾದ ಐದು ಗುಂಡು ಬೋಲ್ಟುಗಳನ್ನು ಡಿಕ್ಕಿಯಲ್ಲಿ ಇಡುವುದು ಅವರಿಗೂ ಹೊಳೆದಿಲ್ಲ, ಕಾರು ಕೊಳ್ಳುವಾಗ ಕೇಳುವುದು ನನಗೂ ಹೊಳೆದಿಲ್ಲ. ಸಕಲೇಶಪುರದವರೆಗೆ ಎರಡು ಕಿಲೋಮೀಟರಿಗೊಮ್ಮೆ ಇಳಿದು ಪಾನಾ ಹಾಕುತ್ತ, ಗಂಟೆಗೆ 20ರಂತೆ ತೆವಳಿದೆವು. ಮರುದಿನವೇ 17 ಇಂಚಿನ ಮೋಹ ಬಿಟ್ಟೆ.

16 ಇಂಚಿನ ರಿಮ್ಮು ಹುಡುಕುವುದು ಇನ್ನೊಂದು ಕಥೆ. ಈ ಹಳೆಯ ಆಕ್ಟೇವಿಯಾದ ಪಿಸಿಡಿ 5x100, ಅಂದರೆ ಐದು ಬೋಲ್ಟುಗಳು 100 ಮಿ.ಮೀ. ವ್ಯಾಸದ ವೃತ್ತದ ಮೇಲೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಸ್ಕೋಡಾದ ಇನ್ನೊಂದು ಕಾರು ಲಾರಾದ ಚಕ್ರಗಳನ್ನು ತೋರಿಸಿ, "ಸ್ಕೋಡಾದ್ದೇ ಸಾರ್, ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ" ಎಂದರು. ಲಾರಾದ್ದು 5x112. ಕಣ್ಣು ತೆರೆದೇ ಇದ್ದುದರಿಂದ ಬಚಾವಾದೆ. ನಡುವಿನ ರಂಧ್ರ ಎರಡರಲ್ಲೂ 57.1 ಮಿ.ಮೀ. ಆಗಿರುವುದರಿಂದ ಚಕ್ರ ಕೂರುವ ಹಬ್ಬಿನ ಮೇಲೆ ಹಿಡಿದು ನೋಡಿದರೆ ಕೂತಂತೆಯೇ ಕಾಣುತ್ತದೆ, ಬೋಲ್ಟು ಹಾಕುವಾಗ ಗೊತ್ತಾಗುತ್ತದೆ. ಪೋಲೊ, ವೆಂಟೊ, ರ‍್ಯಾಪಿಡ್ ಕಾರುಗಳದ್ದು 5x100. ಹುಡುಕುವವರು ಆ ಕಡೆ ನೋಡಿ. ನನಗೆ ಕೊನೆಗೆ ಸಿಕ್ಕಿದ್ದು ಗುಂಡು ಬೋಲ್ಟಿನವೇ ಹಳೆಯ ನಾಲ್ಕು ಚಕ್ರಗಳು. ಹೀಗಾಗಿ ಈಗ ಐದೂ ಚಕ್ರಕ್ಕೆ ಒಂದೇ ಬಗೆಯ ಬೋಲ್ಟು. ಬಿಗಿಯುವುದು ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ, 120 ನ್ಯೂಟನ್ ಮೀಟರಿಗೆ. ಗಾಳಿಯ ಗನ್ನನ್ನು ನನ್ನ ಕಾರಿನ ಹತ್ತಿರ ಬಿಡುವುದಿಲ್ಲ.

ಟೈರಿನವರು 205/60 ಹಾಕಿಸಿ, ಕಾರು ಎತ್ತರವಾಗುತ್ತದೆ, ಉಬ್ಬುಗಳಿಗೆ ಒಳ್ಳೆಯದು ಎಂದು ಒತ್ತಾಯಿಸಿದರು. ಅದರ ವ್ಯಾಸ 652 ಮಿ.ಮೀ., ಮೂಲಕ್ಕಿಂತ ಶೇ. 3ರಷ್ಟು ಹೆಚ್ಚು, ಎತ್ತರ ಸಿಗುವುದು ಅದರ ಅರ್ಧ, 10 ಮಿ.ಮೀ. ಒಂದನ್ನು ಮುಂದಿನ ಚಕ್ರಕ್ಕೆ ಹಾಕಿಸಿ ನೋಡಿದೆ. ಟೈರಿನ ನೆತ್ತಿಗೂ ಸ್ಟ್ರಟ್‌ನ (ಸಸ್ಪೆನ್ಷನ್ ಕಂಬದ) ಸ್ಪ್ರಿಂಗ್ ತಟ್ಟೆಗೂ ನಡುವೆ ನನ್ನ ಕಿರುಬೆರಳು ಕಷ್ಟಪಟ್ಟು ಹೋಯಿತು. ಅಲ್ಲಿಗೇ ಬಿಟ್ಟೆ. ಟೈರುಗಳ ಮೈಮೇಲಿನ ನಾಲ್ಕಂಕಿಯ ತಯಾರಿಕೆಯ ವಾರವನ್ನೂ ನೋಡಿಯೇ ತೆಗೆದುಕೊಂಡೆ, ನಾಲ್ಕೂ 2021ರವು. ಭಾರದ ಸೂಚ್ಯಂಕ 91, ಅಂದರೆ ಒಂದಕ್ಕೆ 615 ಕೆ.ಜಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿ 34,200 ರೂಪಾಯಿ ಆಯಿತು.

ಬದಲಾವಣೆ ಮೊದಲು ತಿಳಿದದ್ದು ನನ್ನ ಸೊಂಟಕ್ಕೆ. ಆಮೇಲೆ ಎಂಜಿನ್ನಿಗೆ: ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಹಳೆಯ ಚಕ್ರ ಟೈರು ಸಹಿತ 21.6 ಕೆ.ಜಿ., ಹೊಸದು 18.7. ನಾಲ್ಕು ಮೂಲೆಗಳಲ್ಲಿ ತಲಾ ಮೂರು ಕೆ.ಜಿ. ಇಳಿದರೆ 150 ಪಿಎಸ್ (ಅಶ್ವಶಕ್ತಿ) ಹಳೆಯ ಟರ್ಬೊ ಎರಡನೇ ಗೇರಿನಲ್ಲಿ ಹುರುಪಾಗುತ್ತದೆ. ನಾಲ್ಕು ವರ್ಷದಲ್ಲಿ ಒಂದು ಮೊಳೆಯ ಪಂಕ್ಚರ್ ಬಿಟ್ಟರೆ ಬೇರೆ ತೊಂದರೆಯಿಲ್ಲ, ರಿಮ್ಮುಗಳು ನೆಟ್ಟಗಿವೆ. ಗಾಳಿ 32 ಪಿಎಸ್‌ಐ.

ಕೊರತೆ ಇಲ್ಲವೆಂದಲ್ಲ. ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೂ ಮೂತಿ ತಿರುಗುವುದಕ್ಕೂ ನಡುವೆ ಒಂದು ಚೂರು ಆಲಸ್ಯ. 17 ಇಂಚಿನಲ್ಲಿ ಅದು ಇರಲಿಲ್ಲ. ಒದ್ದೆ ರಸ್ತೆಯಲ್ಲಿ ಟರ್ಬೊ ಎದ್ದರೆ ಮುಂದಿನ ಚಕ್ರಗಳು ಜಾರುತ್ತವೆ. 25,000 ಕಿ.ಮೀ. ದಾಟಿದ ಮೇಲೆ ಕಾಂಕ್ರೀಟ್ ರಸ್ತೆಯಲ್ಲಿ ಗುಂಯ್‌ಗುಡುವ ಸದ್ದು ಹೆಚ್ಚಾಗಿದೆ. ಪಕ್ಕದ ಮನೆಯವರು "ಕಾರು ಯಾಕೋ ಬಡವಾಗಿದೆಯಲ್ಲ" ಎಂದಿದ್ದು ಬೇರೆ. ಹಿಂದಿನಿಂದ ನೋಡಿದರೆ ಮಡ್‌ಗಾರ್ಡಿನ ಒಳಗೆ ಚಕ್ರಗಳು ಸೊರಗಿದಂತೆ ಕಾಣುವುದು ನಿಜ.

ಈಗ ಹಲ್ಲಿನ ಆಳ ಎರಡೂವರೆ ಮಿ.ಮೀ. ಉಳಿದಿದೆ. ಈ ಮಳೆಗಾಲಕ್ಕೆ ಮುಂಚೆ ಮತ್ತೆ ಅದೇ ಅಳತೆಯನ್ನು ತೆಗೆದುಕೊಳ್ಳುತ್ತಿದ್ದೇನೆ.

ಹಳೆಯ 17 ಇಂಚಿನವನ್ನು, ಡೊಂಕು ತೆಗೆಸಿದ್ದು ಯಾವುದೆಂದು ತೋರಿಸಿಯೇ, ಪೋಲೊ ಇಟ್ಟಿರುವ ಹುಡುಗನೊಬ್ಬನಿಗೆ ಮಾರಿದೆ. ಶಂಕುವಿನ 20 ಬೋಲ್ಟುಗಳನ್ನು ಕೊಟ್ಟು, ಕಳಚಿದ ಮೂಲ ಬೋಲ್ಟುಗಳಲ್ಲಿ ಐದನ್ನು ಚೀಲಕ್ಕೆ ಹಾಕಿ ಸ್ಟೆಪ್ನಿಯ ಗುಳಿಯೊಳಗೇ ಇಡು ಎಂದೆ. ಯಾಕೆ ಸಾರ್ ಎಂದ. ಮಾರನಹಳ್ಳಿಯ ಕಥೆ ಹೇಳಬೇಕಾಯಿತು.