ಪಾಲೋಸೋ, ಪಿಂಟಾವೋ?

ಹಡಗಿನ ಮಾದರಿ ಕಟ್ಟಲು ಹೊರಟವರು ಪಾಲೋಸ್, ಪಿಂಟಾ ಎಂಬ ಎರಡು ಹಳೆಯ ಹಡಗುಗಳಲ್ಲಿ ಒಂದನ್ನು ಆರಿಸುವಾಗ ಸೇವಾಚರಿತ್ರೆಯನ್ನೇ ನೋಡಬೇಕು. ಎರಡೂ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನೌಕಾಪಡೆ ಮಾಡಿಸಿದ ಉಗಿ ಟಗ್‌ಗಳು (ಬೇರೆ ಹಡಗುಗಳನ್ನು ಎಳೆಯುವ ಪುಟ್ಟ ಹಡಗುಗಳು), ಒಂದೇ ವರ್ಗದ ಅಕ್ಕತಂಗಿಯರು. ಹಡಗುಕಟ್ಟೆಯಲ್ಲಿ ಎಳೆದಾಡುತ್ತಿದ್ದ ಇವುಗಳಿಗೆ ಮುಂದೆ ತೋಪು ಕೂರಿಸಿ ದೂರದ ಕಡಲಿಗೆ ಅಟ್ಟಲಾಯಿತು.

ಪಾಲೋಸ್ 1870ರ ಆಗಸ್ಟ್‌ನಲ್ಲಿ ಸೂಯೆಜ್ ಕಾಲುವೆ ದಾಟಿತು. ಹಾಗೆ ದಾಟಿದ ಮೊದಲ ಅಮೆರಿಕನ್ ಯುದ್ಧನೌಕೆ ಎಂಬ ಹೆಸರು ಒಂದು ಟಗ್‌ಗೆ ದಕ್ಕಿದ್ದು ನನಗಂತೂ ಖುಷಿಯ ವಿಷಯ. 1871ರ ಜೂನ್ 1ರಂದು ಕೊರಿಯಾದ ಗಂಗ್ವಾ ಜಲಸಂಧಿಯಲ್ಲಿ ಕೋಟೆಗಳು ಅಮೆರಿಕದ ಹಡಗುಗಳ ಮೇಲೆ ಗುಂಡು ಹಾರಿಸಿದಾಗ ಇದೂ ಮರುಗುಂಡು ಹಾರಿಸಿತು. ಜೂನ್ 10ರಂದು ದಡಕ್ಕಿಳಿಯುವ ಸೈನಿಕರು ತುಂಬಿದ ದೋಣಿಸಾಲನ್ನು ಹಗ್ಗ ಕಟ್ಟಿ ಎಳೆದದ್ದೂ ಇದೇ. ತೋಪು ಬಂದರೂ ಹುಟ್ಟುಕಸುಬು ಬಿಡಲಿಲ್ಲ! 1893ರಲ್ಲಿ ನಾಗಸಾಕಿಯಲ್ಲಿ ಮಾರಾಟವಾಯಿತು.

ಪಿಂಟಾದ್ದು ಒಂದೇ ಊರಿನ ಬಾಳು. 1884ರಿಂದ 1897ರವರೆಗೆ ಅಲಾಸ್ಕಾದ ಸಿಟ್ಕಾದಲ್ಲಿ ನೆಲೆಸಿ ದ್ವೀಪಗಳ ನಡುವೆ ಕಾವಲು ಸುತ್ತಿತು.

ಯುದ್ಧದೃಶ್ಯ, ದೋಣಿಸಾಲು ಬೇಕೆನ್ನುವವರಿಗೆ ಪಾಲೋಸ್. ಹಿಮದ ಬೆಟ್ಟಗಳ ಹಿನ್ನೆಲೆಯಲ್ಲಿ ಒಂಟಿ ಹಡಗು ಸಾಕೆನ್ನುವವರಿಗೆ ಪಿಂಟಾ. ಯಾವುದನ್ನೇ ಹಿಡಿಯಿರಿ, ಮೊದಲು ಇಸವಿ ಗೊತ್ತುಮಾಡಿಕೊಳ್ಳಿ: ತೋಪು ಏರುವ ಮುನ್ನಿನ ಟಗ್ ಬೇರೆ, ಆಮೇಲಿನದು ಬೇರೆ.