ಬರೀ ನಡಿಗೆ, ತಕ್ಕಡಿ ಲೆಕ್ಕ, ಅರ್ಧ ತಟ್ಟೆ ಪಲ್ಯ: ತೂಕ ಇಳಿಸಲು ಯಾವುದು ಮೇಲು?

ತೂಕ ಇಳಿಯಬೇಕಾದರೆ ತಿಂದದ್ದಕ್ಕಿಂತ ಖರ್ಚು ಜಾಸ್ತಿ ಇರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆ ಲೆಕ್ಕವನ್ನು ಯಾವ ಕಡೆಯಿಂದ ಹಿಡಿಯಬೇಕು ಅನ್ನುವುದರಲ್ಲೇ ಜಗಳ. ದಿನಾ ನಡೆದರೆ ಸಾಕು ಅನ್ನುವವರಿದ್ದಾರೆ, ಪ್ರತಿಯೊಂದನ್ನೂ ತೂಗಿ ತಿನ್ನು ಅನ್ನುವವರಿದ್ದಾರೆ, ತಟ್ಟೆಯ ಅರ್ಧ ಭಾಗ ಪಲ್ಯ ಬಡಿಸಿಕೋ ಸಾಕು ಅನ್ನುವವರೂ ಇದ್ದಾರೆ. ಮೈಸೂರಿನ ನಮ್ಮ ಮನೆಯ ಮಾಮೂಲಿ ಅಡುಗೆಯಲ್ಲೇ ಮೂರನ್ನೂ ಮಾಡಿ ನೋಡಿದ್ದೇನೆ.

ಮೊದಲು ದೇಹದ ಖರ್ಚು ಎಷ್ಟು ಅಂತ ತಿಳಿಯಬೇಕು. ಅದಕ್ಕೆ 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರವನ್ನು ಹಿಡಿದೆ. ಏನೂ ಮಾಡದೆ ಸುಮ್ಮನಿದ್ದರೂ ದೇಹಕ್ಕೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಇದು ಹೇಳುತ್ತದೆ. ಕೆಜಿ ತೂಕವನ್ನು 10ರಿಂದ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ ಐದು ಪಟ್ಟು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ. 68 ಕೆಜಿ, 158 ಸೆಂಟಿಮೀಟರ್, 42 ವರ್ಷದ ನನಗೆ ಸುಮಾರು 1,300 ಕ್ಯಾಲೊರಿ ಬಂತು. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಅದನ್ನು 1.2ರಿಂದ ಗುಣಿಸಬೇಕು. ಅಲ್ಲಿಗೆ ನನ್ನ ದಿನದ ಖರ್ಚು 1,560ರ ಆಸುಪಾಸು.

ಬರೀ ನಡಿಗೆಯಿಂದ ಶುರು ಮಾಡಿದೆ. ಊಟದಲ್ಲಿ ಏನೂ ಬದಲಾಯಿಸಲಿಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಗಂಟೆ ಚುರುಕು ನಡಿಗೆ. ನನ್ನ ತೂಕದವರಿಗೆ ಇದರಲ್ಲಿ ಸುಮಾರು 240 ಕ್ಯಾಲೊರಿ ಹೋಗುತ್ತದೆ. ಆದರೆ ಅದೇ ಒಂದು ಗಂಟೆ ಮನೆಯಲ್ಲಿ ಸುಮ್ನೆ ಕೂತಿದ್ದರೂ ಸುಮಾರು 70 ಹೋಗುತ್ತಿತ್ತು. ಅದನ್ನು ಕಳೆದರೆ ನಡಿಗೆಯ ನಿಜವಾದ ಲಾಭ 170. ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ತಿಂದರೆ ಅಷ್ಟೂ ವಾಪಸ್, ಮೇಲೊಂದಿಷ್ಟು ಬಡ್ಡಿ.

ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನು ಮಾತ್ರ ದಯವಿಟ್ಟು ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದವರು ಏಳು ಬಗೆಯ ಇಂಥ ಗಡಿಯಾರಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ 27 ಶೇಕಡಾ ತಪ್ಪು ಹೇಳಿತು. "ಇವತ್ತು 400 ಸುಟ್ಟಿದ್ದೇನೆ" ಅಂತ ಗಡಿಯಾರ ನೋಡಿ ಇನ್ನೊಂದು ಚಪಾತಿ ಹಾಕಿಸಿಕೊಂಡರೆ ನಡೆದದ್ದು ಲೆಕ್ಕಕ್ಕೇ ಬರುವುದಿಲ್ಲ. ನಡಿಗೆಯಿಂದ ನಿದ್ದೆ ಚೆನ್ನಾಯಿತು, ಮಂಡಿ ಹಗುರಾಯಿತು. ತೂಕ ಮಾತ್ರ ಬಹಳ ನಿಧಾನ.

ಆಮೇಲೆ ತಕ್ಕಡಿ. ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದು ಮೊಬೈಲ್ ಆ್ಯಪ್‌ನಲ್ಲಿ ಬರೆದಿಡಲು ಶುರು ಮಾಡಿದೆ. ಆ್ಯಪ್‌ನಲ್ಲಿ "ಒಂದು ಕಪ್ ಸಾಂಬಾರ್" ಅಂತ ಹುಡುಕಿದರೆ ಒಂದಕ್ಕೊಂದು ತಾಳೆಯಾಗದ ಹತ್ತಾರು ಉತ್ತರ ಬರುತ್ತವೆ. ಅವುಗಳಲ್ಲಿ ಯಾವುದೂ ನಮ್ಮ ಮನೆಯ ಸಾಂಬಾರ್ ಅಲ್ಲ. ಅದಕ್ಕೆ ದಾರಿ ಇದು: ಬೇಳೆ, ಕಾಯಿತುರಿ, ಎಣ್ಣೆ ಎಲ್ಲವನ್ನೂ ಬೇಯಿಸುವ ಮೊದಲೇ ತೂಗಬೇಕು. ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಬೇಕು. ಆಗ ನಿಮ್ಮ ಬಟ್ಟಲಿಗೆ ಬಿದ್ದ ಪಾಲು ಎಷ್ಟು ಅಂತ ಸಿಗುತ್ತದೆ.

ಕಣ್ಣು ತೆರೆಸಿದ್ದು ಇದೇ. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಒಂದು ಟೀ ಚಮಚ ಎಣ್ಣೆ ಅಂದರೆ 40. ಒಗ್ಗರಣೆಗೆ, ಪಲ್ಯಕ್ಕೆ, ದೋಸೆ ಕಾವಲಿಗೆ ಅಂತ ದಿನದಲ್ಲಿ ನಾಲ್ಕು ಚಮಚ ಎಣ್ಣೆ ಕಡಿಮೆಯಾದರೆ 160 ಉಳಿಯಿತು. ಹೆಚ್ಚುಕಡಿಮೆ ಕೆರೆ ಏರಿಯ ಆ ಒಂದು ಗಂಟೆಯಷ್ಟೇ! ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಿದ್ದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅಂತಾರಲ್ವಾ? 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಗೆ 350. ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು ಜಾಸ್ತಿ. ಜೊತೆಗೆ ಒಂದು ಮುದ್ದೆ, ಸೊಪ್ಪಿನ ಸಾರು ಆದಮೇಲೆ ಇನ್ನೊಂದು ಬೇಕು ಅನಿಸುವುದಿಲ್ಲ. ಅನ್ನ ಹಾಗಲ್ಲ. ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಬಡಿಸಿಕೊಳ್ಳುತ್ತಲೇ ಇರುತ್ತೇವೆ.

ತಕ್ಕಡಿಯಿಂದ ತೂಕ ಬೇಗ ಇಳಿಯಿತು. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು ಅನ್ನುವುದು ಸಾಮಾನ್ಯ ಅಂದಾಜು. ದಿನಕ್ಕೆ 400 ಉಳಿಸಿದರೆ 19 ದಿನಕ್ಕೆ ಒಂದು ಕೆಜಿ. ಆದರೆ ಮದುವೆ ಮನೆಗೆ ತಕ್ಕಡಿ ಒಯ್ಯಲು ಆಗುವುದಿಲ್ಲ. ಮನೆಮಂದಿ ಊಟಕ್ಕೆ ಕಾಯುತ್ತಿರುವಾಗ ಪಾತ್ರೆ ತೂಗುತ್ತಾ ನಿಲ್ಲುವುದೂ ಕಷ್ಟ. ಇದನ್ನು ವರ್ಷಗಟ್ಟಲೆ ಮಾಡಿ ಅಂತ ಯಾರಿಗೂ ಹೇಳಲಾರೆ.

ಮೂರನೆಯದು ತಟ್ಟೆ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಅನ್ನ ಅಥವಾ ಮುದ್ದೆ. ಉಳಿದ ಕಾಲು ಭಾಗ ಬೇಳೆ, ಕಾಳು, ಇಲ್ಲವೇ ಮೊಟ್ಟೆ. ಬರೆಯುವ ಕೆಲಸವೇ ಇಲ್ಲ, ಹೊಟ್ಟೆ ತುಂಬುತ್ತದೆ, ನೆಂಟರ ಮನೆಯಲ್ಲೂ ನಡೆಯುತ್ತದೆ. ಕೊರತೆ ಒಂದೇ: ಪಲ್ಯದೊಳಗಿನ ಎಣ್ಣೆ, ಕಾಯಿತುರಿ ಕಣ್ಣಿಗೆ ಕಾಣುವುದಿಲ್ಲ. ತಕ್ಕಡಿ ಹಿಡಿದು ಕೈ ಪಳಗಿದವರಿಗೆ ಇದು ಸಲೀಸು, ಹೊಸಬರಿಗೆ ಅಂದಾಜು ತಪ್ಪುತ್ತದೆ.

ಹಾಗಾಗಿ ನನ್ನ ಆಯ್ಕೆ ಹೀಗಿದೆ. ಮೊದಲ ಕೆಲವು ವಾರ ತಕ್ಕಡಿ, ಆಮೇಲೆ ತಟ್ಟೆ. ನಡಿಗೆ ಎರಡರ ಜೊತೆಗೂ ಇರಲಿ, ಆದರೆ ಅದರ ಕ್ಯಾಲೊರಿಯನ್ನು ಊಟಕ್ಕೆ ಸೇರಿಸಿಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಊಟ ಇಳಿಸುವುದು ಬೇಡವೇ ಬೇಡ. ತೂಕವನ್ನು ದಿನಾ ನೋಡಿದರೂ ವಾರದ ಸರಾಸರಿಯನ್ನೇ ನಂಬಿ. ಉಪ್ಪು ಜಾಸ್ತಿ ತಿಂದ ಮರುದಿನ, ಮುಟ್ಟಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ತೂಕ ಏರುತ್ತದೆ, ಅದು ಕೊಬ್ಬಲ್ಲ.

ಇನ್ನೊಂದು ವಿಷಯ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. 68ರಿಂದ 62ಕ್ಕೆ ಬಂದರೆ ಸೂತ್ರದ ಪ್ರಕಾರ ಕೂತಲ್ಲಿ ಕೂತೇ 60 ಕ್ಯಾಲೊರಿ ಕಡಿಮೆ, ನಡಿಗೆಯಲ್ಲೂ ಮೊದಲಿನಷ್ಟು ಸುಡುವುದಿಲ್ಲ. ಅದೇ ತಟ್ಟೆಯಲ್ಲಿ ಇಳಿಕೆ ನಿಂತಾಗ ನಾನು ಒಂದು ವಾರ ಮತ್ತೆ ತಕ್ಕಡಿ ಹೊರಗೆ ತೆಗೆಯುತ್ತೇನೆ, ಮೊದಲು ಎಣ್ಣೆಯನ್ನು ಅಳೆಯುತ್ತೇನೆ.